ಭಾವನ ಸಕ್ಕರೆ ಇಳಿದ ಬೆಳಿಗ್ಗೆ

ಚಿಕ್ಕಿಯ ಭಾವ ನಕ್ಕದ್ದನ್ನು ಕಂಡವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಡ್ರೈವಿಂಗ್ ಶಾಲೆ ನಡೆಸುವ ಮನುಷ್ಯ. ಅರ್ಧ ಊರಿಗೆ ಕ್ಲಚ್ಚು ಬ್ರೇಕು ಕಲಿಸಿದವರು. ಮದುವೆಯ ಫೋಟೋದಲ್ಲೂ ಅವರ ಮುಖ, ಎದುರಿಗೆ ಯಾರೋ ಇಂಡಿಕೇಟರ್ ಹಾಕದೆ ಗಾಡಿ ತಿರುಗಿಸಿದ್ದನ್ನು ನೋಡುತ್ತಿರುವ ಹಾಗಿದೆ. ಶಿಷ್ಯರು ಎಷ್ಟೇ ಚೆನ್ನಾಗಿ ಓಡಿಸಲಿ, ಅವರ ಬಾಯಿಂದ ಉದುರುತ್ತಿದ್ದ ದೊಡ್ಡ ಹೊಗಳಿಕೆ ಎಂದರೆ ‘ಪರವಾಗಿಲ್ಲ’. ಅದೂ ಸಿಕ್ಕವರು ಮನೆಗೆ ಹೋಗಿ ಹಬ್ಬದೂಟ ಮಾಡಿಸಿಕೊಳ್ಳುವಷ್ಟು ಅಪರೂಪ.

ಚಿಕ್ಕಿಗೆ ಅದು ಇನ್ನೂ ಸಿಕ್ಕಿರಲಿಲ್ಲ. ಅವಳು ಭಾವನ ಹೆಂಡತಿಯ ತಂಗಿ. ಅಕ್ಕನ ಮಕ್ಕಳು ಚಿಕ್ಕಿ ಎಂದು ಕರೆದು ಕರೆದು ಈಗ ಪೋಸ್ಟ್‌ಮ್ಯಾನ್ ಕೂಡ ಅದೇ ಹೆಸರಿಂದ ಕೂಗುತ್ತಾನೆ. ಅಕ್ಕನ ಮನೆಯ ಮಹಡಿಯ ಮೇಲೆ ಅವಳ ವಾಸ, ಪಕ್ಕದ ಬೀದಿಯಲ್ಲಿ ಅವಳ ಅಂಗಡಿ, ಕಸುಬು ಕಾರಿನ ಸೀಟ್ ಕವರ್ ಹೊಲಿಯುವುದು. ಊರಿನಲ್ಲಿರುವ ಬಹುಪಾಲು ಕಾರುಗಳ ಡ್ರೈವರ್ ಸೀಟಿನಲ್ಲಿ ಅವಳು ಅಳತೆ ಟೇಪು ಹಿಡಿದು ಕೂತಿದ್ದಾಳೆ. ನಿಂತ ಕಾರಿನಲ್ಲಿ ಅವಳಷ್ಟು ಹಾಯಾಗಿ ಕೂರುವವರು ಯಾರೂ ಇಲ್ಲ. ಕಾರು ಹೊರಟಿತೆಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಅದರಲ್ಲೂ ಪಕ್ಕದಲ್ಲಿ ಪರೀಕ್ಷೆ ಮಾಡುವವರು ಕೂತರೆ ಬಲ ಎಡ ಎಲ್ಲ ಒಂದೇ ಆಗಿಬಿಡುತ್ತಿತ್ತು. ಎರಡು ಸಲ ಫೇಲಾಗಿದ್ದಳು. ಒಂದು ಸಲವಂತೂ ವೈಪರ್ ಹಾಕಿಕೊಂಡು ಗಾಡಿ ಯಾಕೆ ಮುಂದೆ ಹೋಗುತ್ತಿಲ್ಲ ಎಂದು ಪೇಚಾಡಿದ್ದಳು.

ಭಾವನಿಗೆ ಸಕ್ಕರೆ ಕಾಯಿಲೆ ಬಂದದ್ದು ಗೊತ್ತಾದದ್ದು ಹಿಂದಿನ ವರ್ಷ. ಕ್ಲಿನಿಕ್ಕಿನ ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟು, ‘ಇದನ್ನ ನುಂಗಿದ ಮೇಲೆ ತಿಂಡಿ ತಪ್ಪಿಸಬೇಡಿ’ ಎಂದು ಹೇಳಿ ಕಳಿಸಿದ್ದರು. ಭಾವ ಮಾತ್ರೆಯನ್ನು ಟ್ರಾಫಿಕ್ ನಿಯಮದಷ್ಟೇ ಶ್ರದ್ಧೆಯಿಂದ ಪಾಲಿಸಿದರು. ಆದರೆ ಮನೆಯವರಿಗೆ ಒಂದು ಪುಟ್ಟ ಗುಳಿಗೆಯ ಮೇಲೆ ಅಷ್ಟು ನಂಬಿಕೆ ಎಲ್ಲಿಂದ ಬರಬೇಕು. ಅಕ್ಕ ದಿನಾ ಬೆಳಿಗ್ಗೆ ದೊಡ್ಡ ಲೋಟದ ತುಂಬ ಹಾಗಲಕಾಯಿ ರಸ ಹಿಂಡಿ ಕೊಡತೊಡಗಿದಳು. ಅವರು ಮೂಗು ಹಿಡಿದು ಕುಡಿಯುತ್ತಿದ್ದರು. ಚಿಕ್ಕಿ ಸುಮ್ಮನಿರುತ್ತಾಳೆಯೇ? ಸೀಟ್ ಕವರ್ ಹಾಕಿಸಲು ಬಂದ ಹೆಂಗಸೊಬ್ಬಳು, ಚಕ್ಕೆ ಪುಡಿಯಿಂದ ತನ್ನ ಗಂಡನ ಶುಗರ್ ಹೇಗೆ ಸರ್ರನೆ ಇಳಿಯಿತು ಎಂದು ಕಣ್ಣರಳಿಸಿ ಹೇಳಿದ್ದಳು. ಭಾವನಿಗೆ ಹೇಳಿದರೆ ಬೈಯುತ್ತಾರೆ. ಹಾಗಾಗಿ ಅವರ ಸಕ್ಕರೆ ಇಲ್ಲದ ಟೀ ಫ್ಲಾಸ್ಕಿಗೆ ದಿನಾ ಗುಟ್ಟಾಗಿ ಎರಡು ಚಮಚ ಚಕ್ಕೆ ಪುಡಿ ಬೀಳುತ್ತಿತ್ತು. ತಿಂಗಳ ಕೊನೆಯಲ್ಲಿ ರಿಪೋರ್ಟಿನ ಅಂಕಿ ಇಳಿದಾಗ ಅಕ್ಕ ಹೆಮ್ಮೆಯಿಂದ ಬೀಗಿದಳು. ಚಿಕ್ಕಿ ಮನಸ್ಸಿನಲ್ಲೇ ಮುಸಿಮುಸಿ ನಕ್ಕಳು. ಭಾವನ ತಾಯಿ, ಮನೆಮಂದಿಗೆಲ್ಲ ಅಜ್ಜಿ, ಮೂಲೆಯ ಕುರ್ಚಿಯಲ್ಲಿ ಕೂತು ಯಾಕೋ ತಾನೂ ನಕ್ಕಳು.

ಮೂರನೆಯ ಸಲ ಪರೀಕ್ಷೆಗೆ ಹೊರಟ ದಿನ ಭಾವ ಏನೂ ತಿಂದಿರಲಿಲ್ಲ.

“ಯಾಕೆ ಭಾವ, ತಿಂಡಿ ಬೇಡ್ವಾ?” ಎಂದು ಚಿಕ್ಕಿ ಕೇಳಿದಳು.

“ನಿನ್ನ ಪರೀಕ್ಷೆ ಮುಗಿಸ್ಕೊಂಡು ರಕ್ತ ಕೊಡೋಕೆ ಹೋಗ್ಬೇಕು. ಖಾಲಿ ಹೊಟ್ಟೇಲಿ ಬನ್ನಿ ಅಂದಿದಾರೆ.”

“ಮಾತ್ರೆ?”

“ಅದನ್ನ ಬಿಡೋಕಾಗುತ್ತಾ? ನುಂಗಿದೀನಿ. ರಸಾನೂ ಕುಡಿದೆ. ನನ್ನ ಹೊಟ್ಟೆ ವಿಚಾರ ಬಿಟ್ಟು ಕನ್ನಡಿ ನೋಡೋದು ಮರೀಬೇಡ.”

ಪರೀಕ್ಷೆಯ ಕಚೇರಿಯ ಮುಂದೆ ಉದ್ದ ಸಾಲು. ಭಾವ ಕಾರಿಗೆ ಒರಗಿ ನಿಂತು ಫ್ಲಾಸ್ಕಿನ ಟೀ ಪೂರ್ತಿ ಮುಗಿಸಿದರು. ಜೇಬಿನಿಂದ ಏನೋ ತೆಗೆದು ಬಾಯಿಗೆ ಹಾಕಿಕೊಂಡು ಅಗಿದರು. ಅಡಿಕೆ ಪುಡಿ ಇರಬೇಕು ಎಂದುಕೊಂಡಳು ಚಿಕ್ಕಿ. ಅವಳ ಜೀವ ಆಗಲೇ ಬಾಯಿಗೆ ಬಂದಿತ್ತು, ಬೇರೆಯವರ ಬಾಯಿಯ ವಿಚಾರ ಯಾರಿಗೆ ಬೇಕು.

ಕೊನೆಗೆ ಸರದಿ ಬಂತು. ಪರೀಕ್ಷಕಿ ಸಣ್ಣ ಮೈಕಟ್ಟಿನ, ದೊಡ್ಡ ಕನ್ನಡಕದ ಹೆಂಗಸು. ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡು, “ಹೊರಡಿ” ಎಂದರು. ಭಾವ ಹಿಂದಿನ ಸೀಟಿನಲ್ಲಿ ಕೂತರು. ಚಿಕ್ಕಿ ಉಸಿರು ಬಿಗಿಹಿಡಿದು ಕ್ಲಚ್ ಬಿಟ್ಟಳು. ಕಾರು ಅಲ್ಲಾಡದೆ ಹೊರಟಿತು.

“ಆಹಾಹಾ” ಎಂದಿತು ಹಿಂದಿನಿಂದ ಒಂದು ದನಿ. “ಏನು ಕ್ಲಚ್ಚಮ್ಮ ಅದು. ಬೆಣ್ಣೆ. ಶುದ್ಧ ಬೆಣ್ಣೆ.”

ಚಿಕ್ಕಿ ಕನ್ನಡಿ ನೋಡಿದಳು. ಹಿಂದೆ ಕೂತಿದ್ದವರು ಭಾವನೇ. ಅವರ ಮುಖದ ಮೇಲೆ ಹಲ್ಲುಗಳು ಕಾಣುತ್ತಿದ್ದವು. ಇಷ್ಟು ವರ್ಷದಲ್ಲಿ ಭಾವನಿಗೆ ಇಷ್ಟೊಂದು ಹಲ್ಲುಗಳಿವೆಯೆಂದು ಅವಳಿಗೆ ಗೊತ್ತಿರಲಿಲ್ಲ.

“ಹಿಂದೆ ಕೂತವರು ಮಾತಾಡಬಾರದು” ಎಂದರು ಪರೀಕ್ಷಕಿ.

“ತಪ್ಪಾಯ್ತು ತಾಯಿ. ತುಟಿ ಎರಡು ಮಾಡಲ್ಲ” ಎಂದು ಭಾವ ಬಾಯಿಯ ಮೇಲೆ ಬೆರಳಿಟ್ಟುಕೊಂಡರು. ಒಂದು ತಿರುವು ದಾಟುವಷ್ಟರಲ್ಲಿ ಬೆರಳು ಜಾರಿತು. “ನಿಮ್ಮ ಕನ್ನಡಕ ಮಾತ್ರ ಭಾಳ ಚೆನ್ನಾಗಿದೆ. ಗುಬ್ಬಚ್ಚಿಗೆ ಹಾಕಿದ ಹಾಗಿದೆ.”

ಚಿಕ್ಕಿಯ ಗಂಟಲಿನಲ್ಲಿ ನಗು ಸಿಕ್ಕಿಹಾಕಿಕೊಂಡಿತು. ತಡೆಯಲು ಕೆನ್ನೆ ಕಚ್ಚಿಕೊಂಡಳು. ವಿಚಿತ್ರವೆಂದರೆ, ನಗು ತಡೆಯುವುದರಲ್ಲೇ ಮನಸ್ಸೆಲ್ಲ ಇದ್ದುದರಿಂದ ಹೆದರಿಕೆಗೆ ಜಾಗವೇ ಉಳಿಯಲಿಲ್ಲ. ಕೈ ತಾನಾಗಿ ಗೇರು ಬದಲಾಯಿಸಿತು. ಕಾಲು ತಾನಾಗಿ ಬ್ರೇಕು ಒತ್ತಿತು. ಸಿಗ್ನಲ್ಲಿನಲ್ಲಿ ಗೆರೆಗೆ ಸರಿಯಾಗಿ ನಿಲ್ಲಿಸಿದಳು. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏನಪ್ಪ ಕೆಂಪಣ್ಣ, ಎಲ್ಲ ಸೌಖ್ಯವಾ?” ಎಂದು ದೀಪವನ್ನು ವಿಚಾರಿಸಿದರು. ಪಕ್ಕದ ಸ್ಕೂಟರಿನವನು ತನ್ನನ್ನೇ ಕೇಳಿದರೆಂದು, “ಸೌಖ್ಯ ಸಾರ್” ಎಂದ. ಆಗ ಚಿಕ್ಕಿಯ ಕೈಮೀರಿತು. ಸ್ಟಿಯರಿಂಗ್ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಭಾವ ಅಲ್ಲಿಗೇ ನಿಲ್ಲಿಸಲಿಲ್ಲ. ತಮ್ಮ ಹಳೆಯ ಶಿಷ್ಯರನ್ನೆಲ್ಲ ಮನಸಾರೆ ಕ್ಷಮಿಸಿದ್ದೇನೆಂದು ಸಾರಿದರು, ಬೇಕರಿಯ ಮೆಟ್ಟಿಲು ಹತ್ತಿಸಿದವನನ್ನೂ ಸೇರಿಸಿ. ಆಮೇಲೆ ಬ್ರೇಕಿನ ಮೇಲೆ ತಾವೇ ಕಟ್ಟಿದ ಒಂದು ಹಾಡು ಶುರುಮಾಡಿದರು. ಅದಕ್ಕೆ ಒಂದೇ ಸಾಲು, ರಾಗ ಮಾತ್ರ ನಾಲ್ಕಾರು.

“ಇವರು ಕುಡಿದಿದಾರೆ” ಎಂದರು ಪರೀಕ್ಷಕಿ. ದನಿ ಗಟ್ಟಿಯಾಗಿತ್ತು. “ಬೆಳಿಗ್ಗೇನೇ. ಈ ಶಾಲೆಯ ಲೈಸೆನ್ಸ್ ರದ್ದು ಮಾಡೋಕೆ ಬರೀತೀನಿ.”

“ಅಯ್ಯೋ ಇಲ್ಲ ಮೇಡಂ. ಸೋಡಾ ಕೊಟ್ರೂ ಎರಡು ಸಲ ಮೂಸಿ ಕುಡಿಯೋ ಮನುಷ್ಯ ಅವರು.”

“ಮತ್ತೆ ಇದೇನಿದು?”

ಇದೇನೆಂದು ಚಿಕ್ಕಿಗೂ ಗೊತ್ತಿರಲಿಲ್ಲ. ಮತ್ತೊಮ್ಮೆ ಕನ್ನಡಿ ನೋಡಿದಳು. ಈ ಸಲ ಹಲ್ಲಲ್ಲ, ಬೆವರು ಕಂಡಿತು. ಹಣೆಯಿಂದ ಧಾರಾಕಾರ ಇಳಿಯುತ್ತಿತ್ತು. ಅಂಗಿಯ ಕಾಲರು ಒದ್ದೆ, ತುಟಿ ಬಿಳಿಚಿತ್ತು, ತೊಡೆಯ ಮೇಲಿದ್ದ ಕೈ ನಡುಗುತ್ತಿತ್ತು.

“ಭಾವ, ಹುಷಾರಾಗಿದೀರಾ?”

ಅವರು ಅವಳನ್ನೇ ದಿಟ್ಟಿಸಿ, ಅತಿ ವಿನಯದಿಂದ, “ಯಾರಮ್ಮ ನೀನು?” ಎಂದರು.

ಚಿಕ್ಕಿ ಇಂಡಿಕೇಟರ್ ಹಾಕಿ, ಹಿಂದೆ ನೋಡಿ, ಹಾಲಿನ ವ್ಯಾನಿಗೂ ಒಂದು ಹಳೆಯ ಜೀಪಿಗೂ ನಡುವೆ ಇದ್ದ ಸಂದಿಗೆ ಕಾರನ್ನು ಹಿಮ್ಮುಖವಾಗಿ ತೂರಿಸಿ ಒಂದೇ ಏಟಿಗೆ ನಿಲ್ಲಿಸಿದಳು. ಎರಡು ಸಲ ಅವಳನ್ನು ಫೇಲು ಮಾಡಿಸಿದ್ದೇ ಈ ಹಿಮ್ಮುಖ ನಿಲುಗಡೆ. ಅದನ್ನು ಮಾಡಿದೆನೆಂಬುದು ಅವಳ ಗಮನಕ್ಕೇ ಬರಲಿಲ್ಲ. ಬಂದದ್ದು, ಕ್ಲಿನಿಕ್ಕಿನಲ್ಲಿ ಡಾಕ್ಟರು ಅಕ್ಕನಿಗೆ ಹೇಳಿದ್ದ ಮಾತು: ಬೆವರು, ನಡುಕ, ಅಸಂಬದ್ಧ ಮಾತು ಕಂಡರೆ ಸಕ್ಕರೆ ಇಳಿದಿದೆ ಅಂತ ಅರ್ಥ, ತಕ್ಷಣ ಸಿಹಿ ಕೊಡಿ.

“ಮೇಡಂ, ಇವರಿಗೆ ಶುಗರ್ ಇದೆ. ಇಳಿದುಬಿಟ್ಟಿದೆ. ಸ್ವಲ್ಪ ನೋಡ್ಕೊಳ್ಳಿ” ಎಂದವಳೇ ಎದುರಿನ ಅಂಗಡಿಗೆ ಓಡಿದಳು. ತಂಪು ಪಾನೀಯದ ಒಂದು ಬಾಟಲಿ ಎಳೆದುಕೊಂಡು ಬಂದಳು. ಅಷ್ಟರಲ್ಲಿ ಪರೀಕ್ಷಕಿ ಹಿಂದಿನ ಸೀಟಿಗೆ ಹೋಗಿ ಭಾವನನ್ನು ಒರಗಿಸಿ ಕೂರಿಸಿದ್ದರು. ಬಾಟಲಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿ, “ಇದರಲ್ಲಿ ಸಕ್ಕರೇನೇ ಇಲ್ಲ. ಪಥ್ಯದವರು ಕುಡಿಯೋದು ಇದು” ಎಂದರು.

ಚಿಕ್ಕಿ ಮತ್ತೆ ಓಡಿದಳು. ಅಂಗಡಿಯವನು ಒಂದೊಂದೇ ಬಾಟಲಿ ತಿರುಗಿಸಿ ನೋಡಿ, “ಈಗ ಎಲ್ಲರೂ ಇದನ್ನೇ ಕೇಳ್ತಾರಮ್ಮ, ಸಿಹಿ ಇರೋದನ್ನ ತರಿಸೋದೇ ಬಿಟ್ಟಿದೀನಿ” ಎಂದ. ಪಕ್ಕದ ಟೀ ಅಂಗಡಿಯಲ್ಲಿ ಸಕ್ಕರೆಯ ಡಬ್ಬಿ ಕಂಡಿತು. ಕೇಳುವುದಕ್ಕೂ ನಿಲ್ಲದೆ ಡಬ್ಬಿಯನ್ನೇ ಎತ್ತಿಕೊಂಡು, ಒಂದು ಲೋಟ ನೀರು ಹಿಡಿದು ಬಂದಳು. ಟೀಯವನು ಚಮಚ ಹಿಡಿದುಕೊಂಡೇ ಹಿಂದೆ ಓಡಿಬಂದ. ಸಕ್ಕರೆ ಕದಡಿ ಭಾವನ ಬಾಯಿಗೆ ಹಿಡಿದರು. ಒಂದು ಗುಟುಕು ನುಂಗಿದ ಭಾವ ಮುಖ ಕಿವುಚಿದರು.

“ಮರಳು ನೀರು ಕುಡಿಸ್ತೀರಾ? ಕಟ್ಟಡ ಕಟ್ತಿದಾರಾ ನನ್ನ ಹೊಟ್ಟೇಲಿ?”

ಚಿಕ್ಕಿ ಟೀಯವನನ್ನು ನೋಡಿದಳು. ಟೀಯವನಿಗೆ ಮೈ ಉರಿಯಿತು.

“ಏನ್ರೀ ಹಾಗಂದ್ರೆ? ನನ್ನ ಸಕ್ಕರೆ ಮೇಲೆ ಇಲ್ಲೀವರೆಗೆ ಒಬ್ರೂ ಮಾತಾಡಿಲ್ಲ” ಎಂದು ತಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಚಿಕ್ಕಿ ಬೆರಳು ಅದ್ದಿ ನೆಕ್ಕಿದಳು. ಸಿಹಿಯೇ. ಪರೀಕ್ಷಕಿಯೂ ಅಂಗೈಗೆ ಸುರಿದುಕೊಂಡು ನೋಡಿದರು. ಹಾಲಿನ ವ್ಯಾನಿನ ಡ್ರೈವರು ಇಳಿದು ಬಂದು, ಯಾರೂ ಕೇಳದಿದ್ದರೂ ಒಂದು ಚಮಚ ತಿಂದು, “ಸಕ್ಕರೇನೇ” ಎಂದು ತೀರ್ಪು ಕೊಟ್ಟ.

“ಮರಳು” ಎಂದರು ಭಾವ, ಹಲ್ಲು ಕಚ್ಚಿ.

ಚಿಕ್ಕಿಗೆ ಬೇರೆ ದಾರಿ ತೋಚಲಿಲ್ಲ. ಭಾವ ತನಗೆ ಪಾಠ ಹೇಳುವಾಗಿನ ದನಿಯನ್ನೇ ತೆಗೆದಳು. “ಕನ್ನಡಿ ನೋಡಿ. ಬೆನ್ನು ನೆಟ್ಟಗೆ. ಈಗ ನಿಧಾನಕ್ಕೆ ಕುಡೀರಿ. ನಿಧಾನಕ್ಕೆ ಅಂದೆ.” ಭಾವ ಬೆನ್ನು ನೆಟ್ಟಗೆ ಮಾಡಿ, ವಿಧೇಯ ವಿದ್ಯಾರ್ಥಿಯ ಹಾಗೆ ಲೋಟ ಬರಿದು ಮಾಡಿದರು.

“ಈಗ ಆಸ್ಪತ್ರೆಗೆ ನಡೀರಿ” ಎಂದರು ಪರೀಕ್ಷಕಿ.

“ನಾನು ಓಡಿಸೋದಾ?”

“ಮತ್ತೆ? ನಾನು ಪರೀಕ್ಷೆ ತಗೊಳ್ಳೋಳು. ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ.”

ಚಿಕ್ಕಿ ಹೊರಟಳು. ದೊಡ್ಡ ರಸ್ತೆಗೆ ಅವಳು ಎಂದೂ ಇಳಿದವಳಲ್ಲ. ಈಗ ಒಂದು ಕಡೆ ಬಸ್ಸು, ಇನ್ನೊಂದು ಕಡೆ ಲಾರಿ, ಹಿಂದೆ ಹಾರ್ನುಗಳ ಮೆರವಣಿಗೆ. ಹಿಂದಿನ ಸೀಟಿನಲ್ಲಿ ಪರೀಕ್ಷಕಿ ಟೀಯವನ ಸಕ್ಕರೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಭಾವನ ಕೈ ಹಿಡಿದು ಕೂತಿದ್ದರು. ಡಬ್ಬಿ ವಾಪಸ್ ಕೊಡಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ನಾಲ್ಕನೆಯ ಗೇರಿಗೆ ಬಿದ್ದಾಗ ಕಾರು ಹಗುರಾಗಿ ತೇಲಿದ ಹಾಗಾಯಿತು. ಇಂಥ ಹೊತ್ತಿನಲ್ಲಿ ಖುಷಿಯಾಗುತ್ತಿದೆಯಲ್ಲ, ನಾನೆಂಥ ಹೆಂಗಸು ಎಂದು ಚಿಕ್ಕಿ ತನ್ನನ್ನೇ ಬೈದುಕೊಂಡಳು. ಖುಷಿ ಮಾತ್ರ ಕಡಿಮೆಯಾಗಲಿಲ್ಲ.

ಆಸ್ಪತ್ರೆ ಬಾಗಿಲಿಗೆ ಬರುವಷ್ಟರಲ್ಲಿ ಭಾವನ ಹಾಡು ನಿಂತಿತ್ತು. “ಇಲ್ಲಿ ಹಂಪ್ ಇದೆ, ನೋಡ್ಕೊಂಡು” ಎಂದರು ಹಳೆಯ ದನಿಯಲ್ಲಿ. ಆ ಗಡಸು ಕೇಳಿ ಚಿಕ್ಕಿಗೆ ಅಳುವೇ ಬಂತು.

ನರ್ಸ್ ಬೆರಳು ಚುಚ್ಚಿ, ಮೀಟರು ನೋಡಿ ಹುಬ್ಬೇರಿಸಿದಳು. ಸಕ್ಕರೆ ನೀರು ಕುಡಿಸಿದ ಮೇಲೂ ಇಷ್ಟು ಕಡಿಮೆಯಾ ಎಂದು ಡ್ರಿಪ್ ಹಾಕಿದಳು. ಸುದ್ದಿ ತಿಳಿದು ಅಕ್ಕ, ಅಜ್ಜಿ ಇಬ್ಬರೂ ಓಡೋಡಿ ಬಂದರು. ಡಾಕ್ಟರು ಆರಡಿ ಎತ್ತರದ ಯುವತಿ, ಮೆಲುದನಿ. ಅಕ್ಕ ತಂದಿದ್ದ ಮಾತ್ರೆಯ ಚೀಟಿ ಹಿಡಿದು, ಹಾಸಿಗೆಯ ಪಕ್ಕ ಸ್ಟೂಲು ಎಳೆದು ಕೂತರು.

“ಈ ಮಾತ್ರೆ ಒಂದೇನಾ ತಗೊಳ್ಳೋದು?”

“ಒಂದೇ” ಎಂದರು ಭಾವ.

“ಬೇರೆ ಏನಾದ್ರೂ? ಸೊಪ್ಪು, ಪುಡಿ, ಕಷಾಯ?”

“ಔಷಧಿ ಬೇರೆ ಏನೂ ಇಲ್ಲ. ಹಾಗಲಕಾಯಿ ರಸ ಒಂದು ಕೊಡ್ತೀನಿ, ಅದು ತರಕಾರಿ ಅಲ್ವಾ” ಎಂದಳು ಅಕ್ಕ.

“ಎಷ್ಟು?”

“ಒಂದು ಲೋಟ.” ಅಕ್ಕ ಕೈಯಲ್ಲಿ ತೋರಿಸಿದ ಅಳತೆ ಲೋಟದ್ದಲ್ಲ, ಚೊಂಬಿನದು.

ಡಾಕ್ಟರು ತಲೆದೂಗಿದರು. ಚಿಕ್ಕಿಗೆ ಒಳಗೊಳಗೇ ಮುಳ್ಳು ಚುಚ್ಚತೊಡಗಿತ್ತು. ಇನ್ನು ತಡೆಯಲಾಗಲಿಲ್ಲ.

“ಡಾಕ್ಟ್ರೇ, ನಾನು ಟೀಗೆ ಚಕ್ಕೆ ಪುಡಿ ಹಾಕ್ತಿದ್ದೆ. ದಿನಾ. ಯಾರಿಗೂ ಹೇಳಿಲ್ಲ.”

“ಏನೇ?” ಎಂದಳು ಅಕ್ಕ. “ನನ್ನ ಗಂಡನಿಗೆ, ನನ್ನ ಬೆನ್ನ ಹಿಂದೆ?”

“ಒಳ್ಳೇದಾಗ್ಲಿ ಅಂತ ಕಣೇ ಅಕ್ಕ.”

“ಟೀ ಯಾಕೋ ಮರದ ಪುಡಿ ಹಾಗಿದೆ ಅನ್ಕೋತಿದ್ದೆ” ಎಂದರು ಭಾವ.

ಕಿಟಕಿಯ ಹತ್ತಿರ ನಿಂತಿದ್ದ ಅಜ್ಜಿ ಸೆರಗಿನ ಅಂಚನ್ನು ಸುತ್ತುತ್ತಾ, “ನಂದೂ ಒಂದಿದೆ” ಎಂದಳು. ಎಲ್ಲರೂ ಅತ್ತ ತಿರುಗಿದರು. “ಮೆಂತ್ಯ. ಹುರಿದು ಪುಡಿ ಮಾಡಿ ರೊಟ್ಟಿ ಹಿಟ್ಟಿನ ಡಬ್ಬಿಗೆ ಕಲಸಿಡ್ತೀನಿ. ಇವನು ಕೇಳಿ ತಿನ್ನೋ ಮಗ ಅಲ್ಲ. ಚಿಕ್ಕವನಿದ್ದಾಗ್ಲೂ ಹೀಗೇ ಕದ್ದು ತಿನ್ನಿಸ್ತಿದ್ದೆ.”

“ಅಮ್ಮಾ, ಮೆಂತ್ಯ ಕಹಿ ಇರುತ್ತೆ. ನಂಗೆ ಗೊತ್ತಾಗ್ಲೇ ಇಲ್ವಲ್ಲ.”

“ಹೇಗೆ ಗೊತ್ತಾಗುತ್ತೆ? ಬೆಳಿಗ್ಗೆನೇ ಹಾಗಲ ಕುಡಿದಿರ್ತೀಯ. ಆಮೇಲೆ ನಾಲಿಗೆಗೆ ಬೇರೆ ಕಹಿ ಲೆಕ್ಕಕ್ಕಿಲ್ಲ.”

ಡಾಕ್ಟರು ತುಟಿ ಬಿಗಿಹಿಡಿದುಕೊಂಡರು. ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ ಪರೀಕ್ಷಕಿ ಆಗ ಕೇಳಿದರು. “ಎಲ್ಲ ಸರಿ, ಸಕ್ಕರೆ ಇವರಿಗೆ ಮರಳಿನ ಹಾಗೆ ಯಾಕಿತ್ತು? ನಾವು ನಾಲ್ಕು ಜನ ತಿಂದು ನೋಡಿದ್ವಿ.”

ಡಾಕ್ಟರ ಕಣ್ಣು ಮಿಂಚಿತು. ಭಾವನ ಕಡೆ ಬಾಗಿ, “ಸಿಹಿಯೇ ಗೊತ್ತಾಗ್ಲಿಲ್ವಾ? ಬೆಳಿಗ್ಗೆ ಯಾವುದಾದ್ರೂ ಎಲೆ ಅಗಿದ್ರಾ?” ಎಂದರು.

ಭಾವ ಚಾವಣಿಯ ಫ್ಯಾನು ನೋಡಿದರು. ಇಡೀ ಊರಿಗೆ ನಿಯಮ ಹೇಳಿಕೊಡುವ ಮನುಷ್ಯ ಮೆಲ್ಲಗೆ ಅಂಗಿ ಜೇಬಿಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದರು. ಒಳಗೆ ಬಾಡಿದ ಹಸಿರು ಎಲೆಗಳು.

“ಮಧುನಾಶಿನಿ” ಎಂದರು. “ಸಸಿ ಮಾರೋನೊಬ್ಬ ನನ್ನ ಹತ್ರ ಡ್ರೈವಿಂಗ್ ಕಲೀತಿದಾನೆ. ಅವನು ಕೊಟ್ಟಿದ್ದು. ಮನೇಲಿ ಹೇಳಿದ್ರೆ ಇವರೆಲ್ಲ ಒಂದೊಂದು ಲೋಟ ರಸ ಮಾಡಿ ಕೊಡ್ತಾರೆ ಅಂತ ಹೇಳಿರ್ಲಿಲ್ಲ.”

ಮೊದಲು ನಕ್ಕವಳು ಅಜ್ಜಿ. ಹೊಟ್ಟೆ ಹಿಡಿದುಕೊಂಡು, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು. ಅಕ್ಕ ಅಳಲು ಹೊರಟವಳು ಅರ್ಧದಲ್ಲೇ ದಾರಿ ತಪ್ಪಿ ನಗತೊಡಗಿದಳು. ಪರೀಕ್ಷಕಿಯ ಕನ್ನಡಕ ಮೂಗಿನಿಂದ ಜಾರಿತು. ಪಕ್ಕದ ಹಾಸಿಗೆಯ ಮುರಿದ ಕಾಲಿನ ರೋಗಿ, “ನಗಿಸಬೇಡ್ರಪ್ಪ, ನೋಯುತ್ತೆ” ಎಂದು ಬೇಡಿಕೊಂಡ. ಚಿಕ್ಕಿ ಮಂಚದ ಕಂಬಿ ಹಿಡಿದು ಕುಸಿದು ಕೂತಳು.

ನಗು ಇಳಿದ ಮೇಲೆ ಡಾಕ್ಟರು ನಿಧಾನವಾಗಿ ಹೇಳಿದರು. “ಆ ಎಲೆ ಸಿಹಿಯ ರುಚೀನ ಸ್ವಲ್ಪ ಹೊತ್ತು ನಾಲಿಗೆಯಿಂದ ಅಳಿಸಿಬಿಡುತ್ತೆ. ಸಕ್ಕರೆ ಮೈಗೆ ಹತ್ತೋದನ್ನ ತಡೆಯಲ್ಲ, ಅದಕ್ಕೇ ಕುಡಿಸಿದ್ದು ಒಳ್ಳೇದಾಯ್ತು. ಈಗ ಕೇಳಿ. ನಿಮ್ಮ ಮಾತ್ರೆ ಮೈಯೊಳಗಿನ ಇನ್ಸುಲಿನ್ನನ್ನ ಒತ್ತಿ ಹೊರಡಿಸುತ್ತೆ. ಹೊಟ್ಟೇಲಿ ತಿಂಡಿ ಇದೆಯಾ ಇಲ್ವಾ ಅಂತ ಅದು ವಿಚಾರಿಸಲ್ಲ. ಹಾಗಲ, ಮೆಂತ್ಯ, ಈ ಎಲೆ ಇವಕ್ಕೂ ಸಕ್ಕರೆ ಇಳಿಸೋ ಗುಣ ಸ್ವಲ್ಪ ಇದೆ. ಚಕ್ಕೆ ಎಷ್ಟು ಇಳಿಸುತ್ತೋ ಖಚಿತ ಇಲ್ಲ, ದಿನಾ ಜಾಸ್ತಿ ಹೋದ್ರೆ ಯಕೃತ್ತಿಗೆ ಒಳ್ಳೇದಲ್ಲ. ಸಾರ್, ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಒಂದೇ ಗಾಡಿ ಬ್ರೇಕನ್ನ, ಮಾತ್ರೆ ಬರೆದವರೂ ಸೇರಿ, ಐದು ಜನ ಒಬ್ಬರಿಗೊಬ್ಬರು ಹೇಳದೆ ಒತ್ತಿದೀರಿ. ಇವತ್ತು ಪೆಟ್ರೋಲೂ ಹಾಕಿರ್ಲಿಲ್ಲ.”

ಭಾವ ದಿಂಬಿನಿಂದ ತಲೆ ಎತ್ತಿದರು. “ಇದನ್ನ ಮೊದಲೇ ಹೀಗೆ ಹೇಳಿದ್ರೆ ತಿಳೀತಿತ್ತು” ಎಂದರು.

“ಹಾಗಾದ್ರೆ ಹಾಗಲಕಾಯಿ ಮುಟ್ಟೋ ಹಾಗೇ ಇಲ್ವಾ?” ಎಂದಳು ಅಕ್ಕ.

“ಊಟದ ಜೊತೆ ಪಲ್ಯ ಮಾಡಿ ಬಡಿಸಿ, ಯಾರು ಬೇಡ ಅಂತಾರೆ. ಚೊಂಬುಗಟ್ಲೆ ರಸ ಬೇಡ. ಮೆಂತ್ಯಾನೂ ಅಷ್ಟೇ, ಅದರ ಲೋಳೆ ಬೇರೆ ಮಾತ್ರೆಗಳು ಮೈಗೆ ಸೇರೋದನ್ನ ತಡ ಮಾಡಬಹುದು. ಏನೇ ಶುರು ಮಾಡಿದ್ರೂ ನಮಗೆ ಹೇಳಿ. ಬೈಯಲ್ಲ. ಖಾಲಿ ಹೊಟ್ಟೇಲಿ ರಕ್ತ ಕೊಡೋ ದಿನ ಮಾತ್ರೆ ಯಾವಾಗ ಅಂತ ಮೊದಲೇ ಕೇಳ್ಕೊಳ್ಳಿ. ಈ ಮಾತ್ರೆ ಮೈಯಲ್ಲಿ ಬಹಳ ಹೊತ್ತು ಇರುತ್ತೆ, ಸಕ್ಕರೆ ಮತ್ತೆ ಇಳಿಯಬಹುದು. ನಾಳೇವರೆಗೆ ಇಲ್ಲೇ ಇರ್ಲಿ.”

ಡಾಕ್ಟರು ಎದ್ದರು. ಪರೀಕ್ಷಕಿ ಗಂಟಲು ಸರಿಮಾಡಿಕೊಂಡು ಚಿಕ್ಕಿಯ ಕಡೆ ತಿರುಗಿದರು. “ನಿಮ್ಮ ಪರೀಕ್ಷೆ ಇನ್ನೂ ಮುಗಿದಿಲ್ಲ. ಕಚೇರಿಗೆ ವಾಪಸ್ ಓಡಿಸಬೇಕು. ದಾರೀಲಿ ಈ ಡಬ್ಬೀನೂ ಕೊಟ್ಟು ಹೋಗೋಣ.”

“ಈಗ್ಲಾ? ಕೈ ಇನ್ನೂ ನಡುಗ್ತಿದೆ ಮೇಡಂ.”

“ನಡುಗಲಿ. ಹಿಮ್ಮುಖ ನಿಲುಗಡೆ ಮತ್ತೆ ಮಾಡ್ಬೇಕಾಗಿಲ್ಲ. ಹಾಲಿನ ವ್ಯಾನಿನ ಹಿಂದೆ ಮಾಡಿದ್ದನ್ನ ನೋಡಿದೀನಿ.”

ಚಿಕ್ಕಿ ಕಣ್ಣು ಕಣ್ಣು ಬಿಟ್ಟಳು. ಆಗಷ್ಟೇ ಅವಳಿಗೆ ಅದು ನೆನಪಾದದ್ದು. ಭಾವ ಮಂಚದ ಮೇಲೆ ಎದ್ದು ಕೂರಲು ಹೋಗಿ, “ನಾನೂ ಬರ್ತೀನಿ” ಎಂದರು. ನರ್ಸ್ ಅವರನ್ನು ಎರಡೇ ಬೆರಳಿನಿಂದ ಹಿಂದಕ್ಕೆ ಮಲಗಿಸಿದಳು.

ಆ ದಿನ ಚಿಕ್ಕಿ ಪಾಸಾದಳು. ಟೀಯವನು ಡಬ್ಬಿ ಇಸಿದುಕೊಂಡು, ರೋಗಿ ಬದುಕಿದನೆಂದು ಕೇಳಿ, ಇಬ್ಬರಿಗೂ ಪುಕ್ಕಟೆ ಟೀ ಕೊಟ್ಟ. ಪರೀಕ್ಷಕಿ ತನಗೆ ಸಕ್ಕರೆ ಜಾಸ್ತಿ ಹಾಕಿ ಎಂದು ಹೇಳಿ ಕುಡಿದರು.

ಮಾರನೆಯ ದಿನ ಮಧ್ಯಾಹ್ನ ಭಾವನನ್ನು ಮನೆಗೆ ಕಳಿಸಿದರು. ಮಾತ್ರೆ ಬದಲಾಗಿತ್ತು. ಬಿಸಿಲು ಚೆನ್ನಾಗಿತ್ತು. ಅಕ್ಕ, ಭಾವ ಹಿಂದೆ ಕೂತರು. ಅಜ್ಜಿ ಮಾತ್ರ ಮುಂದಿನ ಸೀಟೇ ಬೇಕೆಂದು ಹಟ ಹಿಡಿದು ಕೂತಳು. ಮಗ ಎಂದೂ ಅವಳನ್ನು ಮುಂದೆ ಕೂರಿಸಿಕೊಂಡಿರಲಿಲ್ಲ, ಬ್ರೇಕು ತುಳಿದುಬಿಡುತ್ತಾಳೆಂಬ ಹೆದರಿಕೆಯಿಂದ. ದೊಡ್ಡ ರಸ್ತೆಗೆ ಇಳಿಯುತ್ತಿದ್ದಂತೆ ಅಜ್ಜಿ ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಗಾಳಿಗೆ ಅವಳ ಬಿಳಿ ಕೂದಲೆಲ್ಲ ಮೇಲೆದ್ದಿತು.

“ಇನ್ನೂ ಜೋರಾಗಿ ಓಡ್ಸೇ” ಎಂದಳು.

“ಇಲ್ಲಿ ಇಷ್ಟೇ ವೇಗ ಅಜ್ಜಿ, ಬೋರ್ಡ್ ಇದೆ.”

“ಬೋರ್ಡು ನಂಗೆ ಕಾಣಿಸಲ್ಲ. ಆ ಬಸ್ಸಿನ ಮುಂದೆ ಹೋಗು.”

ಹಿಂದಿನಿಂದ ಭಾವ ಬೈಯಲು ಬಾಯಿ ತೆರೆದರು. ಅಕ್ಕ ಅವರ ಬಾಯಿಗೆ ಒಂದು ಬಿಸ್ಕತ್ತು ತುರುಕಿದಳು. ಚಿಕ್ಕಿ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಬಸ್ಸನ್ನು ದಾಟಿದಳು. ಬಸ್ಸಿನ ಕಿಟಕಿಯಲ್ಲಿದ್ದವರಿಗೆಲ್ಲ ಅಜ್ಜಿ ಕೈ ಬೀಸುತ್ತಲೇ ಇದ್ದಳು.